ಕಡಿದಾಗ ಬರುವ ಕಿಡಿ

2003ರ ದಸರೆ ರಜೆ. ಭಾವನವರ ಉಳ್ಳಾಗಡ್ಡಿ ತುಂಬಿದ ಟ್ರಕ್ಕಿನಲ್ಲಿ ಲಕ್ಷ್ಮೇಶ್ವರದಿಂದ ಗದಗಿಗೆ ಹೊರಟಿದ್ದೆ. ಅದು ಸೇನೆಯ ಹರಾಜಿನಲ್ಲಿ ಬಂದ ಹಳೆಯ ಪೆಟ್ರೋಲ್ ಗಾಡಿ. ನಮ್ಮ ಕಡೆಯ ಲಾರಿಗಳೆಲ್ಲ ಡೀಸೆಲ್ಲಿನವು. ಅವುಗಳಿಗೆ ಕಿಡಿಯ ಹಂಗಿಲ್ಲ. ಈ ಗಾಡಿಗೆ ಕಿಡಿಯೇ ಪ್ರಾಣ. ಮುಳಗುಂದದ ಈಚೆ ಚಹಾಕ್ಕೆಂದು ನಿಲ್ಲಿಸಿದ್ದೇ ತಪ್ಪಾಯಿತು, ಮತ್ತೆ ಚಾಲೂ ಆಗಲಿಲ್ಲ. ಕಪ್ಪತಗುಡ್ಡದ ಕಡೆ ಮೋಡ ಕಟ್ಟಿತ್ತು. ಉಳ್ಳಾಗಡ್ಡಿ ತೊಯ್ದರೆ ವರ್ಷದ ದುಡಿಮೆ ಹೋದಂತೆ.

ಪ್ಲಗ್ ಬಿಚ್ಚಿ, ಇಂಜಿನ್ನಿನ ಮೈಗೆ ತಾಗಿಸಿ ಸೆಲ್ಫ್ ಹೊಡೆಸಿದೆ. ಕಿಡಿ ಇಲ್ಲ. ಬೇರೆ ಪ್ಲಗ್ ಹಾಕಿದರೂ ಇಲ್ಲ. 'ಕಾಯಿಲ್ ಸುಟ್ಟಿದೆ' ಎಂದು ತೀರ್ಪು ಕೊಟ್ಟೆ. ಬಿ.ಎಸ್ಸಿ. ಮೇಷ್ಟರ ಮಾತಿಗೆ ಭಾವ ತಲೆಯಾಡಿಸಿದರು.

ಅಷ್ಟರಲ್ಲಿ ಒಬ್ಬ ಯುವಕ ಮೋಟಾರ್ ಸೈಕಲ್ ನಿಲ್ಲಿಸಿದ. ಬೆಟಗೇರಿಯಲ್ಲಿ ಗ್ಯಾರೇಜಿಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲೇ ನಪಾಸಾದವ. "ಇವಗ ವಿದ್ಯೆ ಹತ್ತಂಗಿಲ್ಲ, ಕೆಲಸಕ್ಕ ಹಚ್ಚರಿ" ಎಂದು ಅವನ ತಂದೆಗೆ ಹೇಳಿದವನು ನಾನೇ.

"ಕಾಯಿಲ್‌ಗ ಯಾಕ ಬೈತೀರಿ ಸರ್? ಮೊದಲು ಕೇಳೂಣು" ಎಂದ. ವೈರು ಕಟ್ಟಿದ ಒಂದು ಸಣ್ಣ ಬಲ್ಬು ತೆಗೆದು, ಒಂದು ತುದಿ ಗಾಡಿಯ ಮೈಗೆ, ಇನ್ನೊಂದು ಕಾಯಿಲ್‌ಗೆ ಬ್ಯಾಟರಿಯಿಂದ ಬರುವ ವೈರಿಗೆ ಹಿಡಿದ. ಹತ್ತಿತು. ಅಂದರೆ ಬ್ಯಾಟರಿಯ ಕರೆಂಟು ಅಲ್ಲಿಯವರೆಗೆ ಬರುತ್ತಿದೆ. ಆಮೇಲೆ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರಿಗೆ ಹಿಡಿದು ಸೆಲ್ಫ್ ಹೊಡೆಸಿದ. ಬಲ್ಬು ಒಂದೇ ಸಮ ಉರಿಯಿತು.

"ಇದು ಮಿಣುಕಬೇಕ್ರಿ ಸರ್. ಮಿಣುಕವಲ್ದು ಅಂದ್ರ ಪಾಯಿಂಟ್ ಕೂಡವಲ್ದು. ಕೂಡಲಿಲ್ಲಂದ್ರ ಕಡಿಯೂದೇನು? ಕರೆಂಟ್ ಕಡಿದಾಗಲ್ಲರೀ ಕಿಡಿ ಬರೂದು!"

ನಾನು ಸ್ತಬ್ಧನಾದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ವರ್ಷವರ್ಷವೂ ನೋಟ್ಸ್ ಬರೆಸಿದವನು ನಾನು. ಪ್ರಾಥಮಿಕ ಸುರುಳಿಯಲ್ಲಿ ಹರಿಯುವ ಕರೆಂಟು ಥಟ್ಟನೆ ಕಡಿದಾಗ ಅಯಸ್ಕಾಂತ ಕ್ಷೇತ್ರ ಕುಸಿಯುತ್ತದೆ. ಸಾವಿರಾರು ಸುತ್ತುಗಳ ದ್ವಿತೀಯಕ ಸುರುಳಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಹುಟ್ಟುತ್ತದೆ. ಇದನ್ನೇ ಬಳಸಿ ಅಮೆರಿಕದ ಕೆಟೆರಿಂಗ್ ರೂಪಿಸಿದ ವ್ಯವಸ್ಥೆ 1910ರ ಕ್ಯಾಡಿಲ್ಯಾಕ್ ಕಾರಿಗೆ ಬಂತು. ಎಲ್ಲ ಗೊತ್ತಿತ್ತು. ಆದರೆ ಗಾಡಿಯನ್ನು ಪ್ರಶ್ನೆ ಕೇಳಲು ನನಗೆ ತಿಳಿದಿರಲಿಲ್ಲ.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಪಾಯಿಂಟಿನ ಮೇಲೆ ಕಪ್ಪು ಕಿಟ್ಟ ಕಟ್ಟಿತ್ತು. ಪಾಲಿಶ್ ಕಾಗದದಿಂದ ತಿಕ್ಕಿ, ಒರೆಸಿ, ಸಂದು ಸರಿಪಡಿಸಿದ. ಈಗ ಬಲ್ಬು ಮಿಣುಕಿತು. ಟ್ರಕ್ಕು ಗುಡುಗಿತು.

"ಅವತ್ತು ನಿಮ್ಮಪ್ಪಗ ಹಂಗ ಹೇಳಬಾರದಿತ್ತಪಾ" ಎಂದೆ.

"ಬಿಡ್ರಿ ಸರ್, ಮಳಿ ಬಂದೀತು. ಗಾಡಿ ಬಿಡ್ರಿ" ಎಂದು ನಕ್ಕ. ದುಡ್ಡು ಮುಟ್ಟಲಿಲ್ಲ.

ರಜೆ ಮುಗಿದ ಮೇಲೆ ಅವನ ಗ್ಯಾರೇಜಿನಿಂದ ಒಂದು ಹಳೆಯ ಕಾಯಿಲ್ ಬೇಡಿ ತಂದು ತರಗತಿಯ ಮೇಜಿನ ಮೇಲಿಟ್ಟೆ. ಅಂದಿನಿಂದ ಈ ಪಾಠಕ್ಕೆ ನೋಟ್ಸ್ ಬರೆಸಿಲ್ಲ. ಯಾವ ತಂದೆಗೂ 'ಇವನಿಗೆ ವಿದ್ಯೆ ಹತ್ತದು' ಎಂದೂ ಹೇಳಿಲ್ಲ.