ಮಂತ್ರಕ್ಕೊಂದು ವ್ಯಾಕರಣ

ಮಂತ್ರವಾದಿ ಕೈಯೆತ್ತಿದ, ಅರಮನೆ ಎದ್ದಿತು. ಮತ್ತೊಮ್ಮೆ ಕೈಯೆತ್ತಿದ, ಅರಮನೆ ಮಾಯವಾಯಿತು. ಅಜ್ಜಿಯ ಬಾಯಲ್ಲಿ ಇಂಥ ಕಥೆ ಸೊಗಸೇ ಸರಿ. ಏಕೆಂದರೆ ಹೇಳುವವಳು ಅವಳೊಬ್ಬಳೇ. ಮಂತ್ರವಾದಿಯ ಶಕ್ತಿ ಎಲ್ಲಿ ಕುಂದಬೇಕೆಂಬುದನ್ನು ಅವಳು ಬಲ್ಲಳು. ಆದರೆ ನಾಲ್ಕಾರು ಗೆಳೆಯರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಿನಲ್ಲಿಯೇ ಒಂದು ಕಥೆಯನ್ನು ಕಟ್ಟಹೊರಟರೆ? "ನಾನು ಸೇತುವೆ ಕಟ್ಟಿದೆ" ಎನ್ನುತ್ತಾನೆ ಒಬ್ಬ. "ನಾನು ನದಿಯನ್ನೇ ಬತ್ತಿಸಿದೆ" ಎನ್ನುತ್ತಾನೆ ಇನ್ನೊಬ್ಬ. ಮೂರನೆಯವನಿಗೆ ಉಳಿಯುವುದು ದಡದಲ್ಲಿ ನಿಂತು ನೋಡುವ ಕೆಲಸ. ಮುಂದಿನ ವಾರ ಅವನು ಬರುವುದಿಲ್ಲ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ಮಂತ್ರವಾದಿ ಪರೀಕ್ಷೆಗೆ ಕೂರುವ ವಿದ್ಯಾರ್ಥಿಯನ್ನು ಹೋಲುತ್ತಾನೆ. ಪುಸ್ತಕ ತೆರೆದು ಕೆಲವೇ ಮಂತ್ರಗಳನ್ನು ಉರು ಹೊಡೆಯಬೇಕು. ಪ್ರಯೋಗಿಸಿದೊಡನೆಯೇ ಮಂತ್ರ ಮರೆತುಹೋಗುತ್ತದೆ! ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರನ 1950ರ ಕಥಾಸಂಗ್ರಹದಿಂದ ಬಂದ ಕಲ್ಪನೆಯಿದು. ಇದರಿಂದ ಶಕ್ತಿಗೆ ಮಿತಿಯೇನೋ ದೊರೆಯಿತು. ಆದರೆ ಎಲ್ಲವೂ ಪಟ್ಟಿಯ ಮಂತ್ರವೇ. ಕ್ಷಣಕ್ಕೆ ಹೊಳೆದ ಮಾತಿಗೆ ಅಲ್ಲಿ ಎಡೆ ಕಡಮೆ.

1987ರಲ್ಲಿ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್ ಹೇಗನ್ ಎಂಬಿಬ್ಬರು 'ಆರ್ಸ್ ಮ್ಯಾಜಿಕ' ಎಂಬ ಆಟವನ್ನು ಹೊರತಂದರು. ಮಧ್ಯಯುಗದ ಯೂರೋಪಿನ ಈ ಮಾಂತ್ರಿಕರ ಕೈಗೆ ಅವರು ಕೊಟ್ಟದ್ದು ಬರಿಯ ಪಟ್ಟಿಯನ್ನಲ್ಲ, ವ್ಯಾಕರಣವನ್ನು. ಲ್ಯಾಟಿನಿನ ಐದು ಕ್ರಿಯಾಪದಗಳು: ಸೃಷ್ಟಿಸು, ಅರಿ, ಮಾರ್ಪಡಿಸು, ಅಳಿಸು, ಆಳು. ಹತ್ತು ನಾಮಪದಗಳು: ಪ್ರಾಣಿ, ನೀರು, ಗಾಳಿ, ದೇಹ, ಸಸ್ಯ, ಬೆಂಕಿ, ಬಿಂಬ, ಮನಸ್ಸು, ಮಣ್ಣು, ಕೊನೆಗೆ ಮಂತ್ರಶಕ್ತಿಯೇ. 'ಕ್ರಿಯೋ ಇಗ್ನೆಮ್' ಎಂದರೆ ಬೆಂಕಿಯ ಸೃಷ್ಟಿ. ಪದಗಳು 15, ಜೋಡಿಗಳು 50. ಅವುಗಳಿಂದ ಹುಟ್ಟುವ ವಾಕ್ಯಗಳಿಗೆ ಲೆಕ್ಕವಿಲ್ಲ. ಹೊಳೆ ದಾಟಬೇಕಾದವನು ನೀರನ್ನು ಆಳಬಹುದು, ದಡದ ಮರವನ್ನು ಬಾಗಿಸಬಹುದು, ತನ್ನ ದೇಹವನ್ನೇ ಮಾರ್ಪಡಿಸಿಕೊಳ್ಳಬಹುದು.

ಈ ಸ್ವಾತಂತ್ರ್ಯವು ಪುಕ್ಕಟೆಯಲ್ಲ. ಅಭ್ಯಾಸ ಮಾಡಿದ ಮಂತ್ರಕ್ಕೆ ಪೂರ್ಣ ಬಲವುಂಟು. ಹೊಳೆದಂತೆ ಉಚ್ಚರಿಸಿದ ಮಂತ್ರಕ್ಕೆ ದೊರೆಯುವುದು ಅರ್ಧ ಬಲ, ಅದೂ ಆಯಾಸದ ಬೆಲೆ ತೆತ್ತು. ಆಯಾಸವೊಲ್ಲದವನಿಗೆ ಐದರಲ್ಲೊಂದು ಪಾಲು. ಇದಲ್ಲದೆ ಯಾರೂ ಮೀರಲಾಗದ ಎಲ್ಲೆಗಳಿವೆ. ದೈವದ ಮೇಲೆ ಮಂತ್ರ ನಡೆಯದು, ಕಳೆದ ಕಾಲ ಮರಳದು, ಸತ್ತವರು ಏಳರು. ಕಥೆಗೆ ತೂಕ ಬರುವುದು ಈ ಕೊನೆಯ ಮಾತಿನಿಂದಲೇ. ಗೆಳೆಯನನ್ನು ಕಾವಲಿಗೆ ನಿಲ್ಲಿಸುವಾಗ ಮಾಂತ್ರಿಕನ ಎದೆ ನಡುಗದಿದ್ದರೆ ಕೇಳುವವರ ಎದೆಯೇಕೆ ನಡುಗೀತು?

ಇನ್ನೊಂದು ಚೆಲುವೂ ಉಂಟು. ಇಲ್ಲಿ ಕಥೆ ನಡೆಸುವ ಪೀಠ ಒಬ್ಬರಿಂದ ಒಬ್ಬರಿಗೆ ಸರಿಯಬಹುದು. ಕಾವಲುಭಟರು ಎಲ್ಲರಿಗೂ ಸೇರಿದ ಪಾತ್ರಗಳು. ನಿನ್ನೆ ಗುಡುಗಿದ ಮಾಂತ್ರಿಕ ಇಂದು ಈಟಿ ಹಿಡಿದು ಇನ್ನೊಬ್ಬನ ಹಿಂದೆ ನಡೆಯುತ್ತಾನೆ. ಶಕ್ತಿಯ ಜೊತೆಗೆ ಸರದಿಯನ್ನೂ ಕಲಿಯುತ್ತಾನೆ.

ಇನ್ನು ದಡದಲ್ಲಿ ನಿಂತ ಆ ಮೂರನೆಯವನು. ಅವನ ಮಾಂತ್ರಿಕನಿಗೆ ಬಲವಿರುವುದು 'ಅರಿ' ಎಂಬ ಒಂದೇ ಕ್ರಿಯೆಯಲ್ಲಿ ಎಂದಿಟ್ಟುಕೊಳ್ಳೋಣ. ಅವನು ಸೇತುವೆ ಕಟ್ಟಲಾರ, ಹೊಳೆ ಬತ್ತಿಸಲಾರ. ಬಾಗಿ ನೀರನ್ನು ಕೇಳುತ್ತಾನೆ: "ನಮಗಿಂತ ಮೊದಲು ಇಲ್ಲಿ ದಾಟಿದವರು ಯಾರು?" ಗೆಳೆಯರ ಗದ್ದಲ ನಿಲ್ಲುತ್ತದೆ. ನದಿಯ ಉತ್ತರಕ್ಕಾಗಿ ಎಲ್ಲರೂ ಮೇಜಿನತ್ತ ಬಾಗುತ್ತಾರೆ.

ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು ಕೂರುವವನು ಅವನೇ.