ದುಡಿಯುವ ಅಧ್ಯಾಪಿಕೆಗೆ ಯಾವ ಎಂ.ಎ.?

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು ವಕೀಲನನ್ನು ಹುಡುಕಿಕೊಂಡು ಬರುವುದು ಹೆಚ್ಚಾಗಿ ನೇಮಕಾತಿಯ ಅಂಗೀಕಾರ, ಸೇವಾ ಹಿರಿತನ, ಭಡ್ತಿ ಇಂತಹ ವಿಚಾರಗಳಿಗೆ. ಆದರೆ ಕೆಲವು ವರ್ಷಗಳಿಂದ ಇನ್ನೊಂದು ಪ್ರಶ್ನೆಯನ್ನೂ ಹೊತ್ತು ತರುತ್ತಿದ್ದಾರೆ. ಕಡತ ಮುಚ್ಚಿ ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು, "ಸರ್, ಎಂ.ಎ. ಮಾಡಬೇಕೆಂದಿದ್ದೇನೆ, ಎಲ್ಲಿಂದ ಮಾಡಿದರೆ ಊರ್ಜಿತವಾಗುತ್ತದೆ?" ಎಂದು ಕೇಳುತ್ತಾರೆ. ಯಾವ ವಿಷಯದಲ್ಲಿ ಎಂಬುದನ್ನು ಕೇಳುವವರು ಕಡಿಮೆ. ಕಾನೂನು ಓದಿದವನಿಗೆ ಊರ್ಜಿತದ ಪ್ರಶ್ನೆ ಸುಲಭ, ವಿಷಯದ ಪ್ರಶ್ನೆ ಕಷ್ಟ. ನನ್ನ ತಂಗಿಯೇ ಈ ಪ್ರಶ್ನೆಯನ್ನು ತಂದಾಗ ಎರಡನ್ನೂ ಒಟ್ಟಿಗೆ ನೋಡಬೇಕಾಯಿತು.

ಅವಳಿಗೆ ಈಗ ನಲ್ವತ್ತು ದಾಟಿದೆ. ಕಾಸರಗೋಡು ತಾಲೂಕಿನ ಒಂದು ಅನುದಾನಿತ ಶಾಲೆಯ ಹೈಸ್ಕೂಲು ವಿಭಾಗದಲ್ಲಿ 2010ರಿಂದ ಸಮಾಜ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುತ್ತಿದ್ದಾಳೆ. ಇತಿಹಾಸದಲ್ಲಿ ಬಿ.ಎ., ಸಮಾಜ ವಿಜ್ಞಾನದಲ್ಲಿ ಬಿ.ಎಡ್. ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಇಲಾಖೆಯ ಸುತ್ತೋಲೆಗಳಲ್ಲಿ ಮಲಯಾಳ. ನಮ್ಮಲ್ಲಿ ಬಹುಮಂದಿಯ ಬದುಕು ಹೀಗೆಯೇ ಮೂರು ಕೋಣೆಗಳ ಮನೆ. 2013ರ ಏಪ್ರಿಲ್‌ಗೆ ಮುಂಚೆ ಸೇವೆಗೆ ಸೇರಿದವರಿಗೆ ಕೇರಳದಲ್ಲಿ ನಿವೃತ್ತಿ 56ಕ್ಕೆ. ಅಂದರೆ ಅವಳ ಮುಂದೆ ಉಳಿದಿರುವುದು ಹದಿನೈದರ ಆಸುಪಾಸಿನ ವರ್ಷಗಳು. ಎರಡು ವರ್ಷ ಓದಿಗೆ, ಮತ್ತೊಂದೆರಡು ವರ್ಷ ಅರ್ಹತಾ ಪರೀಕ್ಷೆಗೆ ಹೋದರೆ, ಆ ಓದು ಫಲ ಕೊಡಬೇಕಾದ ಕಾಲ ಹತ್ತು ವರ್ಷಕ್ಕಿಂತ ಸ್ವಲ್ಪವೇ ಹೆಚ್ಚು. ಇಪ್ಪತ್ತೆರಡರ ಹರೆಯದವರು ಎಂ.ಎ. ಆರಿಸಿಕೊಳ್ಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅವರು ತಪ್ಪಿದರೆ ಮತ್ತೊಂದನ್ನು ಹಿಡಿಯಬಹುದು.

ಓದಬೇಕೆಂಬ ಹಂಬಲದ ಜೊತೆಗೆ ಒಂದು ಭಯವೂ ಇತ್ತು. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಹೆತ್ತವರಿಗೆ ಜೂನ್ ತಿಂಗಳ ಆರನೆಯ ಕೆಲಸದ ದಿನ ಎಂದರೇನೆಂದು ಗೊತ್ತಿರುತ್ತದೆ. ಅಂದು ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಡಿವಿಜನ್ ಉಳಿಯುತ್ತದೆ ಅಥವಾ ಹೋಗುತ್ತದೆ, ಡಿವಿಜನ್‌ನೊಂದಿಗೆ ಹುದ್ದೆಯೂ ಹೋಗುತ್ತದೆ. ಆಂಗ್ಲ ಮಾಧ್ಯಮದ ಬಸ್ಸುಗಳು ಬೆಳಗ್ಗೆ ಊರೂರು ಸುತ್ತುವಾಗ ಕನ್ನಡ ಡಿವಿಜನ್‌ನ ಅಧ್ಯಾಪಿಕೆ ಮನಸ್ಸಿನಲ್ಲಿಯೇ ತಲೆ ಎಣಿಸುತ್ತಿರುತ್ತಾಳೆ. ಹೈಯರ್ ಸೆಕೆಂಡರಿಗೆ ಏರುವ ಅರ್ಹತೆಯೊಂದು ಕೈಯಲ್ಲಿದ್ದರೆ ಸ್ವಲ್ಪ ಧೈರ್ಯ ಎಂಬುದು ಅವಳ ಲೆಕ್ಕಾಚಾರ. ಅದು ಸರಿಯೂ ಹೌದು.

ಹೈಯರ್ ಸೆಕೆಂಡರಿ ಅಧ್ಯಾಪಕರ ಹುದ್ದೆಗೆ ಕೇರಳದಲ್ಲಿ ಕೇಳುವುದು ಮೂರು: ಸಂಬಂಧಿಸಿದ ವಿಷಯದಲ್ಲಿ ಕನಿಷ್ಠ ಶೇಕಡಾ 50 ಅಂಕಗಳ ಸ್ನಾತಕೋತ್ತರ ಪದವಿ, ಬಿ.ಎಡ್., ಮತ್ತು 'ಸೆಟ್' ಎಂಬ ರಾಜ್ಯ ಅರ್ಹತಾ ಪರೀಕ್ಷೆ. ಬಿ.ಎಡ್. ಕೂಡ ಅದೇ ವಿಷಯದ್ದಾದವರಿಗೆ ಮೊದಲ ಆದ್ಯತೆ. ಅನುದಾನಿತ ಆಡಳಿತದಲ್ಲಿ ಇಂತಹ ಹುದ್ದೆಗಳ ನೂರರಲ್ಲಿ 25 ಪಾಲನ್ನು ಅದೇ ಆಡಳಿತದ ಕೆಳಗಿನ ಅರ್ಹ ಅಧ್ಯಾಪಕರಿಗೆ ವರ್ಗಾವಣೆಯ ಮೂಲಕ ಕೊಡಬೇಕೆಂದು ಕೇರಳ ಶಿಕ್ಷಣ ನಿಯಮಗಳು ಹೇಳುತ್ತವೆ. ಈ ಒಂದು ವಾಕ್ಯ ಗೊತ್ತಿಲ್ಲದೆ, ಸ್ನಾತಕೋತ್ತರ ಎಂದರೆ ಯಾವುದಾದರೂ ಆಗುತ್ತದೆ ಎಂದುಕೊಂಡು ಎರಡು ವರ್ಷ ದುಡಿದವರನ್ನು ನಾನು ಕಂಡಿದ್ದೇನೆ. ಸಮಾಜ ವಿಜ್ಞಾನ ಕಲಿಸುವವರು ಸಮಾಜಕಾರ್ಯದಲ್ಲಿ ಪದವಿ ತಂದದ್ದುಂಟು. ಪದವಿ ನಿಜ, ಓದೂ ನಿಜ, ಆದರೆ ಅದಕ್ಕೆ ಹೊಂದುವ ಹುದ್ದೆಯೇ ಅವರ ಶಾಲೆಯಲ್ಲಿರಲಿಲ್ಲ.

ಅವಳ ಮುಖ್ಯೋಪಾಧ್ಯಾಯಿನಿಯ ಸಲಹೆ ಎಂ.ಎಡ್. ಅದು ಒಳ್ಳೆಯ ಪದವಿ. ಅಧ್ಯಾಪಕರನ್ನು ತಯಾರು ಮಾಡುವ ಕೆಲಸಕ್ಕೆ, ಮಾಯಿಪ್ಪಾಡಿಯ ಡಯಟ್‌ನಂತಹ ಕಡೆಗೆ ಹೋಗಬೇಕೆನ್ನುವವರಿಗೆ ತಕ್ಕದ್ದು. ಆದರೆ 2014ರ ರಾಷ್ಟ್ರೀಯ ನಿಯಮಗಳ ನಂತರ ಅದು ಎರಡು ವರ್ಷಗಳ ಓದು, ಮತ್ತು ಇತಿಹಾಸದ ಹುದ್ದೆಗೆ ಇತಿಹಾಸದ ಎಂ.ಎ.ಯ ಬದಲಿಗೆ ಅದು ಸಲ್ಲುವುದಿಲ್ಲ. ಭತ್ಯೆಯಿಲ್ಲದ ರಜೆ ಹಾಕಿ ಓದಲು ಸೇವಾ ನಿಯಮಗಳಲ್ಲಿ ದಾರಿ ಇದೆ. ಇಬ್ಬರು ಮಕ್ಕಳ ಶಾಲೆ, ಮನೆಯ ಸಾಲದ ಕಂತು ಇರುವಾಗ ಆ ದಾರಿಯಲ್ಲಿ ನಡೆಯುವವರು ಎಷ್ಟು ಮಂದಿ? ಇದೇ ಕಾರಣಕ್ಕೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯವೂ ಅವಳ ಪಟ್ಟಿಯಿಂದ ಹೊರಬಿತ್ತು. 2009ರಲ್ಲಿ ಅದು ನಮ್ಮ ಜಿಲ್ಲೆಗೆ ಬಂದಾಗ ನಾವೆಲ್ಲ ಹಿಗ್ಗಿದವರೇ. ಆದರೆ ಹಗಲಿನ ತರಗತಿಗೆ ಹಗಲಿನ ಅಧ್ಯಾಪಿಕೆ ಹೋಗುವುದು ಹೇಗೆ?

ಉಳಿದದ್ದು ದೂರಶಿಕ್ಷಣ. ಇಲ್ಲಿ ವಕೀಲನ ಬಾಯಿ ತೆರೆದುಕೊಳ್ಳುತ್ತದೆ.

ವರ್ಷಗಳ ಹಿಂದೆ ಒಬ್ಬ ಅಧ್ಯಾಪಕರು ದೂರದ ರಾಜ್ಯವೊಂದರ ಸಂಸ್ಥೆಯಿಂದ ಪಡೆದ ಎಂ.ಎ. ಪ್ರಮಾಣಪತ್ರ ಹಿಡಿದು ನನ್ನಲ್ಲಿಗೆ ಬಂದಿದ್ದರು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಪೇಟೆಯ ಬಾಡಿಗೆ ಕೋಣೆಯ 'ಅಧ್ಯಯನ ಕೇಂದ್ರ'ದಲ್ಲಿ ಹಣ ಕಟ್ಟಿ, ಅಲ್ಲಿಯೇ ಪರೀಕ್ಷೆ ಬರೆದಿದ್ದರು. ತತ್ಸಮಾನತೆಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದಾಗ ಅದು ಸಿಗಲಿಲ್ಲ. ಅವರು ಓದಿದ್ದರು, ನೋಟ್ಸ್ ಬರೆದ ಪುಸ್ತಕಗಳನ್ನು ಕೂಡ ಚೀಲದಲ್ಲಿ ತಂದಿದ್ದರು. ಆ ಪುಸ್ತಕಗಳನ್ನು ಯಾವ ನ್ಯಾಯಾಲಯಕ್ಕೆ ತೋರಿಸುವುದು? ರಾಜ್ಯದ ಕಾನೂನಿನಿಂದ ಹುಟ್ಟಿದ ವಿಶ್ವವಿದ್ಯಾನಿಲಯದ ಕೈ ಆ ರಾಜ್ಯದ ಗಡಿಯಾಚೆಗೆ ಚಾಚುವುದಿಲ್ಲ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಪ್ರೊ. ಯಶ್‌ಪಾಲ್ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿದೆ. 2009ರ ಅಣ್ಣಾಮಲೈ ವಿಶ್ವವಿದ್ಯಾನಿಲಯದ ಪ್ರಕರಣದಲ್ಲಿ, ಮೊದಲ ಪದವಿಯೇ ಇಲ್ಲದೆ ಮುಕ್ತ ಪದ್ಧತಿಯಲ್ಲಿ ಪಡೆದ ಎಂ.ಎ. ನಿಲ್ಲುವುದಿಲ್ಲ ಎಂದಿತು. ಇವೆರಡನ್ನೂ ನಾನು ಅಧ್ಯಾಪಕರಿಗೆ ಹೇಳುತ್ತಲೇ ಇರುತ್ತೇನೆ, ಕೇಳದಿದ್ದರೂ.

ಗಡಿನಾಡಿನವರಿಗೆ ಇದರಲ್ಲೊಂದು ವಿಚಿತ್ರ ಸಂಕಟವಿದೆ. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಉತ್ತರ ಬರೆಯಬಹುದಾದ ದೂರಶಿಕ್ಷಣ ಇರುವುದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ. ಅದು ಕಾಸರಗೋಡಿನಲ್ಲಿ ಕೇಂದ್ರ ತೆರೆಯುವಂತಿಲ್ಲ. ವಿದ್ಯಾರ್ಥಿನಿ ಗಡಿ ದಾಟಿ ಹೋಗಬಹುದು, ವಿಶ್ವವಿದ್ಯಾನಿಲಯ ದಾಟಿ ಬರುವಂತಿಲ್ಲ. ಮಂಗಳೂರು ಐವತ್ತು ಕಿಲೋಮೀಟರ್ ಎಂಬುದೇ ನಮ್ಮ ಭಾಗ್ಯ. ಇದೇ ಪ್ರಶ್ನೆ ತಾಳವಾಡಿಯವರಿಗೋ ಅಕ್ಕಲಕೋಟೆಯವರಿಗೋ ಬಂದರೆ ಅವರು ಹತ್ತಬೇಕಾದ ಬಸ್ಸು ಬೇರೆ. ಆ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಐದು ವರ್ಷ ಯುಜಿಸಿಯ ಮಾನ್ಯತೆ ಇರಲಿಲ್ಲ, 2018-19ರಲ್ಲಿ ಮರಳಿ ದೊರೆಯಿತು. ಆದ್ದರಿಂದ 'ಆ ವಿಶ್ವವಿದ್ಯಾನಿಲಯ ಒಳ್ಳೆಯದೇ' ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಅರ್ಥವಿಲ್ಲ. ಯಾವ ವರ್ಷ, ಯಾವ ವಿಷಯ ಎಂದು ಕೇಳಬೇಕು. ಮಾನ್ಯತೆಯನ್ನು ವಿಷಯವಾರು, ವರ್ಷವಾರು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಬೇಕು. ಸೇರುವ ದಿನವೇ ಆ ಪುಟವನ್ನು ಮುದ್ರಿಸಿ, ದಿನಾಂಕ ಹಾಕಿ, ಶುಲ್ಕದ ರಶೀದಿಯ ಜೊತೆಗೆ ಇಟ್ಟುಕೊಳ್ಳಬೇಕು. ಮಾನ್ಯತೆಯಿರುವ ಸಂಸ್ಥೆಯ ದೂರಶಿಕ್ಷಣದ ಪದವಿ ತರಗತಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಅದರ ಪ್ರತಿಯೂ ಅದೇ ಕಡತಕ್ಕೆ. ಇಲಾಖೆಯ ಅನುಮತಿ ಮೊದಲು, ಪ್ರವೇಶ ಆಮೇಲೆ.

ಇದೆಲ್ಲವನ್ನೂ ವಿವರಿಸಿ ನಾನು ಎರಡು ದಾರಿ ತೋರಿಸಿದೆ. ಒಂದು, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ. 1985ರಿಂದ ಇರುವ ಕೇಂದ್ರೀಯ ಸಂಸ್ಥೆ, ದೇಶದ ಎಲ್ಲೆಡೆ ಸಲ್ಲುವ ಪದವಿ. ಇನ್ನೊಂದು, 2020ರಲ್ಲಿ ಆರಂಭವಾದ ಕೊಲ್ಲಂನ ಶ್ರೀನಾರಾಯಣ ಗುರು ಮುಕ್ತ ವಿಶ್ವವಿದ್ಯಾನಿಲಯ. ಕೇರಳದ್ದೇ ಪದವಿ, ತತ್ಸಮಾನತೆಯ ತಂಟೆಯಿಲ್ಲ. 'ಸೆಟ್' ಪರೀಕ್ಷೆಯ ಇತಿಹಾಸದ ಪತ್ರಿಕೆ ಇಂಗ್ಲಿಷಿನಲ್ಲಿರುವುದರಿಂದ ಇಂಗ್ಲಿಷಿನಲ್ಲಿಯೇ ಎಂ.ಎ. ಓದಿದರೆ ಒಂದು ಕಲ್ಲಿಗೆ ಎರಡು ಹಕ್ಕಿ ಎಂದೂ ಹೇಳಿದೆ. ಈಗಲೂ, ಹುದ್ದೆಯೊಂದೇ ಗುರಿಯಾದವರಿಗೆ ನಾನು ಕೊಡುವ ಸಲಹೆ ಇದೇ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಣ್ಣ, ಈ ಎಂ.ಎ. ನನ್ನ ತರಗತಿಗೆ ಏನು ಮಾಡುತ್ತದೆ?"

ನನ್ನಲ್ಲಿ ಉತ್ತರವಿರಲಿಲ್ಲ, ಅವಳಲ್ಲಿತ್ತು. ಅವಳು ಕಲಿಸುವ ಪಠ್ಯಪುಸ್ತಕ ಕನ್ನಡ ಲಿಪಿಯಲ್ಲಿದೆ, ಆದರೆ ಅನೇಕ ವಾಕ್ಯಗಳು ಮಲಯಾಳದಿಂದ ಎದ್ದು ಬಂದು ಕನ್ನಡದ ಬೆಂಚಿನಲ್ಲಿ ಮುದುಡಿ ಕುಳಿತಂತೆ ಇರುತ್ತವೆ. ಮಗು ಓದುತ್ತದೆ, ಅರ್ಥವಾಗುವುದಿಲ್ಲ. ಅಧ್ಯಾಪಿಕೆ ಆ ವಾಕ್ಯವನ್ನು ಬಿಡಿಸಿ ಮತ್ತೆ ಕಟ್ಟಬೇಕು. ತಿರುವಿತಾಂಕೂರಿನ ದಿವಾನರು, ಮಲಬಾರಿನ ದಂಗೆಗಳು ಪಾಠದಲ್ಲಿವೆ, ಇರಲೇಬೇಕು. ಆದರೆ ತಾನು ಕುಳಿತಿರುವ ನೆಲ 1956ರ ನವೆಂಬರ್ 1ರವರೆಗೆ ಮದ್ರಾಸ್ ಕಡೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ಬೇಕಲದ ಕೋಟೆ ಇಕ್ಕೇರಿಯ ನಾಯಕರದ್ದು, 1837ರಲ್ಲಿ ಸುಳ್ಯದಿಂದ ಹೊರಟ ರೈತರ ಪಡೆ ಮಂಗಳೂರನ್ನು ಹಿಡಿದಿತ್ತು ಎಂಬುದನ್ನು ಮಗುವಿಗೆ ಹೇಳುವವರು ಯಾರು? "ಇಂಗ್ಲಿಷಿನಲ್ಲಿ ಓದಿದರೆ ನಾನು ಮತ್ತೊಂದು ಭಾಷಾಂತರ ಮಾಡಬೇಕು. ಕನ್ನಡದಲ್ಲಿ ಇತಿಹಾಸವನ್ನು ಯೋಚಿಸುವುದಕ್ಕೆ ನನಗೆ ಯಾರೂ ಕಲಿಸಲಿಲ್ಲ. ಪರೀಕ್ಷೆ ಒಂದು ದಿನದ್ದು, ತರಗತಿ ಹದಿನೈದು ವರ್ಷದ್ದು" ಎಂದಳು.

"ಹಾಗಾದರೆ ಕನ್ನಡವನ್ನೇ ವಿಷಯವಾಗಿ ತೆಗೆದುಕೊ. ಅದಕ್ಕೆ ಕಾಸರಗೋಡು ಸರಕಾರಿ ಕಾಲೇಜೇ ಇದೆಯಲ್ಲ" ಎಂದೆ.

"ಅದು ಕನ್ನಡ ಟೀಚರಿನ ಕೆಲಸ. ಕನ್ನಡ ಶಾಲೆ ಎಂದರೆ ಕನ್ನಡ ಪಾಠ ಮಾತ್ರ ಎಂದು ನೀನೂ ತಿಳಿದುಕೊಂಡರೆ ಹೇಗೆ?"

ಮಾತು ಚುಚ್ಚಿತು, ಏಕೆಂದರೆ ಅದು ನಿಜ. ನಾವು ಕನ್ನಡದ ಪರವಾಗಿ ಮನವಿ ಬರೆಯುವವರು, ಸಂವಿಧಾನದ 350ಎ ವಿಧಿಯನ್ನು ಉದ್ಧರಿಸುವವರು, ಕನ್ನಡವನ್ನು ಒಂದು ಪೀರಿಯಡ್ ಆಗಿ ಕಾಪಾಡಿದರೆ ಸಾಕೆಂಬಂತೆ ಮಾತನಾಡುತ್ತೇವೆ. ಆ ವಿಧಿ ಹೇಳುವುದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣ ಎಂದು. ಮೂಲಕ ಎಂಬ ಪದದಲ್ಲಿ ಗಣಿತವೂ ಇದೆ, ವಿಜ್ಞಾನವೂ ಇದೆ, ಇತಿಹಾಸವೂ ಇದೆ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಹುದ್ದೆಗಳಿಗೆ ನೇಮಿಸಿದಾಗಲೆಲ್ಲ ಹೆತ್ತವರು ಶಾಲೆಯ ಗೇಟಿನ ಮುಂದೆ ನಿಂತದ್ದು ಇದೇ 'ಮೂಲಕ'ಕ್ಕಾಗಿ. ಹೀಗಿರುವಾಗ ಕನ್ನಡ ಬಲ್ಲ ಅಧ್ಯಾಪಿಕೆಯೊಬ್ಬಳು ತನ್ನ ವಿಷಯವನ್ನು ಕನ್ನಡದಲ್ಲಿಯೇ ಆಳಕ್ಕೆ ಓದುತ್ತೇನೆಂದರೆ ಬೇಡವೆನ್ನಲು ನಾನು ಯಾರು? ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಮುಗಿಸಿದವರಲ್ಲ, ಇಂದಿನ ಪಿಎಸ್‌ಸಿ ಅವರ ಅರ್ಜಿಯನ್ನು ಮೊದಲ ಪುಟದಲ್ಲಿಯೇ ಬದಿಗಿಡುತ್ತಿತ್ತು ಎಂದು ನಾವು ನಗುವುದುಂಟು. ನಗಬಹುದು, ಆದರೆ ಸಂಬಳದ ಅಧ್ಯಾಪಿಕೆಗೆ ಓದೂ ಬೇಕು, ಪ್ರಮಾಣಪತ್ರವೂ ಬೇಕು.

ಕೊನೆಗೆ ಅವಳು ಮೈಸೂರಿನ ಎಂ.ಎ.ಗೆ ಅರ್ಜಿ ಹಾಕಿದಳು. ವಿಷಯ ಇತಿಹಾಸ, ಮಾಧ್ಯಮ ಕನ್ನಡ. ಇದರಿಂದ ಅವಳಿಗಾಗುವ ನಷ್ಟವನ್ನು ನಾನು ಮುಚ್ಚಿಡಲಿಲ್ಲ. ಹೊರರಾಜ್ಯದ ಪದವಿಯಾದ್ದರಿಂದ ತತ್ಸಮಾನತೆಯ ಕಾಗದಪತ್ರಗಳಿಗೆ ಓಡಾಡಬೇಕು, ಸೆಟ್ ಪರೀಕ್ಷೆಗೆ ಇಂಗ್ಲಿಷ್ ಪದಗಳನ್ನು ಬೇರೆಯಾಗಿ ಕಲಿಯಬೇಕು, ಇಷ್ಟಾದ ಮೇಲೂ ಹುದ್ದೆ ಖಾಲಿಯಾಗಬೇಕು. ಖಾಲಿಯಾದರೂ ಹೈಯರ್ ಸೆಕೆಂಡರಿಯ ತರಗತಿಯಲ್ಲಿ ಇತಿಹಾಸವನ್ನು ಕನ್ನಡದಲ್ಲಿ ಕೇಳುವ ಮಕ್ಕಳು ಎಷ್ಟಿರುತ್ತಾರೆ? ಇದಕ್ಕೆ ಅವಳ ಬಳಿಯೂ ಉತ್ತರವಿಲ್ಲ. ಭಾವ ಮಾತ್ರ ಅರ್ಜಿಯನ್ನು ಸ್ಕ್ಯಾನ್ ಮಾಡಿ ಕಳುಹಿಸುವಾಗ, "ಆದಿತ್ಯವಾರ ಅಡುಗೆ ನನ್ನದು" ಎಂದಷ್ಟೇ ಹೇಳಿದರು. ಕಾನೂನಿನ ಎಲ್ಲ ಸಲಹೆಗಳಿಗಿಂತ ಆ ಮಾತು ಹೆಚ್ಚು ಉಪಯೋಗಕ್ಕೆ ಬಂದಿದೆ ಎಂದು ತಂಗಿಯ ಅಭಿಪ್ರಾಯ.

ಸಂಪರ್ಕ ತರಗತಿಗಳಿಗೆ ಬೆಳಗಿನ ರೈಲಿನಲ್ಲಿ ಮಂಗಳೂರಿಗೆ ಹೋಗುತ್ತಾಳೆ. ಜೊತೆಯಲ್ಲಿ ಇಪ್ಪತ್ತರ ಹರೆಯದ ಹುಡುಗಿಯರು, ನಿವೃತ್ತರಾದ ಒಬ್ಬ ಅಂಚೆ ನೌಕರರು, ಪೊಲೀಸ್ ಪೇದೆಯೊಬ್ಬರು. ಮೊನ್ನೆ ಕಂದಾಯ ಪದ್ಧತಿಯ ಬಗ್ಗೆ ಬರೆಯಬೇಕಾಗಿ ಬಂದಾಗ ಮನೆಗೆ ಬಂದು ಕುಳಿತಳು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾಕ್ಕೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಬಗ್ಗೆ ಪುಸ್ತಕದಲ್ಲಿತ್ತು. ಮೂಲಗೇಣಿ, ಚಾಲಗೇಣಿಗಳ ವ್ಯತ್ಯಾಸವನ್ನು ಮಾತ್ರ ವಕೀಲನ ಬಾಯಿಂದ ಕೇಳಬೇಕಿತ್ತು. ಶಾಶ್ವತ ಗೇಣಿ ಯಾವುದು, ಒಡೆಯ ಬಿಡಿಸಬಹುದಾದ ಗೇಣಿ ಯಾವುದು ಎಂದು ವಿವರಿಸಿ, ನಮ್ಮ ಮನೆಯದೇ ಹಳೆಯ ಮೂಲಗೇಣಿ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಅಜ್ಜನ ಕಾಲದ್ದು, ಪೂರ್ತಿ ಕನ್ನಡದಲ್ಲಿದೆ.

ಅದರ ನಕಲನ್ನು ಅವಳು ಒಂಬತ್ತನೆಯ ತರಗತಿಗೆ ಒಯ್ದಳಂತೆ. ಚತುಸ್ಸೀಮೆಯ ಸಾಲುಗಳನ್ನು ಮಕ್ಕಳು ಸರದಿಯಲ್ಲಿ ಓದಿದರು, ಮೂಡಕ್ಕೆ ತೋಡು, ಪಡುವಕ್ಕೆ ಗದ್ದೆಯ ಬದು. ಮರುದಿನ ಇಬ್ಬರು ಮಕ್ಕಳು ತಮ್ಮ ಮನೆಗಳಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಹಳೆಯ ಕಾಗದಗಳನ್ನು ತಂದರು. ಒಂದರಲ್ಲಿರುವ ಪದವೊಂದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಆ ಹುಡುಗನ ಅಜ್ಜಿಯನ್ನು ಕೇಳಲು ಬರುವ ಶನಿವಾರ ಹೋಗುವುದೆಂದು ನಿರ್ಧಾರವಾಗಿದೆ.