ಅಳಿಯದ ದನಿ

ಬರೆಯುವುದು ಕಷ್ಟ, ಅಳಿಸುವುದು ಸುಲಭವೆಂದು ಲೋಕದವರ ನಂಬಿಕೆ. ಹಿರೇಗುಂಟನೂರಿನ ಮೇಷ್ಟರೂ ನೌಕರಿಯಲ್ಲಿದ್ದಷ್ಟು ಕಾಲ ಹಾಗೆಯೇ ನಂಬಿದ್ದರು. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರಸಿದ ಮೇಲೂ ಹಳೆಯ ಅಕ್ಷರದ ನೆರಳು ಉಳಿಯುತ್ತಿದ್ದುದನ್ನು ಅವರು ಕಂಡಿದ್ದರಾದರೂ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. ಆ ನೆರಳಿನ ಅರ್ಥವನ್ನು ಮುಪ್ಪಿನಲ್ಲಿ ಅವರಿಗೆ ತಿಳಿಸಿಕೊಟ್ಟುದು ಒಂದು ಹಳೆಯ ಟೇಪ್ ರೆಕಾರ್ಡರು.

ಕ್ಯಾಸೆಟ್ಟಿನ ಸಣ್ಣ ಟೇಪಿನ ಮೇಲೆ ನಾಲ್ಕು ಪಟ್ಟಿಗಳಲ್ಲಿ ನಾಲ್ಕು ದನಿಗಳನ್ನು ಒಂದಾದ ಮೇಲೊಂದರಂತೆ ಹಿಡಿದಿಡುವ ಯಂತ್ರವದು. 1957ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪೆನಿಯವರು ಲೆಸ್ ಪಾಲ್ ಎಂಬ ಸಂಗೀತಗಾರನಿಗೆ ಮಾಡಿಕೊಟ್ಟ ಎಂಟು ಪಟ್ಟಿಗಳ ಯಂತ್ರವು ಆಳೆತ್ತರವಿತ್ತು. 1979ರಲ್ಲಿ ಟಾಸ್ಕಾಮ್ ಕಂಪೆನಿಯ ಪೋರ್ಟಸ್ಟುಡಿಯೋ ಬಂದು, ಆ ವಿದ್ಯೆ ಮನೆಯ ಮೇಜಿಗೆ ಇಳಿಯಿತು.

ಮೇಷ್ಟರು ಊರಿನ ಭಜನೆಯ ಪದಗಳನ್ನು ತುಂಬುತ್ತಿದ್ದರು. ಒಮ್ಮೆ, ಹೆಸರು ಬರೆಯದಿದ್ದ ಹಳೆಯ ಕ್ಯಾಸೆಟ್ಟೊಂದರ ಮೂರನೆಯ ಪಟ್ಟಿಯಲ್ಲಿ ತಬಲವನ್ನು ತುಂಬಿದಾಗ, ಅದರ ಅಡಿಯಲ್ಲಿ ಯಾರೋ ಗುನುಗಿದಂತೆ ಕೇಳಿಸಿತು. ಮತ್ತೆ ತುಂಬಿದರು; ಗುನುಗು ಹೋಗಲಿಲ್ಲ, ಮೊದಲಿನ ತಬಲದ ನೆರಳೂ ಅದರೊಡನೆ ಸೇರಿಕೊಂಡಿತು. ಬೇಸತ್ತು ಯಂತ್ರವನ್ನು ಚಿತ್ರದುರ್ಗದ ಒಬ್ಬ ರಿಪೇರಿಯ ಹುಡುಗನ ಬಳಿಗೆ ಒಯ್ದರು.

ಹುಡುಗನು ಅವಸರದವನಲ್ಲ. ಮೊದಲು ಉಳಿದ ಮೂರು ಪಟ್ಟಿಗಳ ದನಿಯನ್ನು ಪೂರ್ತಿ ತಗ್ಗಿಸಿದನು. ಗುನುಗು ಇದ್ದೇ ಇತ್ತು. ಆದ್ದರಿಂದ ಅದು ಉಳಿದ ಪಟ್ಟಿಗಳಿಂದ ನೇರವಾಗಿ ಕೇಳಿಬರುತ್ತಿದ್ದುದಲ್ಲ. ಬಳಿಕ ಬೇಡವಾದ ಬೇರೊಂದು ಟೇಪನ್ನು ಹಾಕಿ ನಾಲ್ಕು ಪಟ್ಟಿಗಳನ್ನೂ ಪರೀಕ್ಷಿಸಿದನು. ಮೂರನೆಯದರ ಹೊರತು ಉಳಿದವೆಲ್ಲವೂ ಚೆನ್ನಾಗಿ ಅಳಿದವು.

“ಮೇಷ್ಟರೇ, ಅಳಿಸುವುದಕ್ಕೆ ಬೇರೆಯೇ ಒಂದು ಹೆಡ್ ಇದೆ. ಟೇಪು ಮೊದಲು ಅದನ್ನು ದಾಟಿ ಆಮೇಲೆ ರೆಕಾರ್ಡ್ ಹೆಡ್ಡಿಗೆ ಬರುತ್ತದೆ. ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಅದರಲ್ಲಿ ಹರಿಯಬೇಕು. ಅದನ್ನು ಹುಟ್ಟಿಸುವ ಭಾಗ ನಾಲ್ಕಕ್ಕೂ ಒಂದೇ. ಮೂರು ಸರಿಯಿದ್ದ ಮೇಲೆ ದೋಷ ಅಲ್ಲಿಲ್ಲ,” ಎಂದನು.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡನ್ನು ಒರಸಿದನು, ಫಲವಾಗಲಿಲ್ಲ. ಕೊನೆಗೆ ಮೂರನೆಯ ಪಟ್ಟಿಯ ತಂತಿಯ ಬೆಸುಗೆ ಬಿರುಕುಬಿಟ್ಟುದು ಕಂಡಿತು. ರೆಕಾರ್ಡ್ ಹೆಡ್ಡಿನ ವಿದ್ಯುತ್ತೊಂದೇ ಹಳೆಯದನ್ನು ಅರೆಬರೆ ಅಳಿಸಿತ್ತು. ಉಳಿದುದೇ ಆ ಗುನುಗು. ಅಳಿಸುವುದೆಂದರೆ ಟೇಪಿನಿಂದ ಏನನ್ನೋ ಕೆರೆದು ತೆಗೆಯುವುದಲ್ಲ. ಸಾಲಾಗಿ ನಿಂತ ಕಾಂತಕಣಗಳನ್ನು ಅತ್ತಿತ್ತ ತಿರುಗಿಸಿ ಅವುಗಳ ಕ್ರಮವನ್ನು ಕೆಡಿಸುವುದು. ಕೆಟ್ಟ ಕ್ರಮವು ಮತ್ತೆ ಕೂಡಿಬರುವುದಿಲ್ಲ.

ಬೆಸುಗೆಯಾಯಿತು. “ಈಗ ನಿಮ್ಮ ಟೇಪು ಕೊಡಿ, ಅಳಿಸಿಬಿಡೋಣ,” ಎಂದನು ಹುಡುಗ.

“ತಡೆಯಪ್ಪಾ, ಒಂದು ಸಲ ಕೇಳುತ್ತೇನೆ,” ಎಂದರು ಮೇಷ್ಟರು.

ತಬಲ ಮುಗಿದ ಮೇಲೆಯೂ ದನಿ ತುಸು ದೂರ ಸಾಗಿತ್ತು. ಅಲ್ಲಿ ಅದು ಸ್ಪಷ್ಟವಾಗಿತ್ತು: ಬೀಸುವ ಪದ. ಯಂತ್ರ ಮನೆಗೆ ಬಂದ ದಿನ ಬಾಗಿಲಲ್ಲಿ ನಿಂತು, ನಾಚುತ್ತ ನಾಚುತ್ತ ಅವರ ತಾಯಿ ಹಾಡಿದುದು. ಆಕೆ ತೀರಿಕೊಂಡು ಬಹುಕಾಲವಾಗಿತ್ತು. ಆ ಟೇಪು ಎಲ್ಲಿಯೋ ಕಳೆದುಹೋಯಿತೆಂದೇ ಅವರು ತಿಳಿದಿದ್ದರು. ಅದರ ಮೇಲೆಯೇ ಎರಡು ಸಲ ತಬಲ ಬಾರಿಸಿದ್ದರು.

ಮೇಷ್ಟರು ಮಾತಾಡಲಿಲ್ಲ. ಕ್ಯಾಸೆಟ್ಟನ್ನು ತೆಗೆದು, ಮತ್ತೆ ಯಾರೂ ಅದರ ಮೇಲೆ ತುಂಬಲಾಗದಂತೆ ಬೆನ್ನಿನ ಕಡೆಯ ಸಣ್ಣ ಚಕ್ಕೆಗಳನ್ನು ಮುರಿದು, ಜೇಬಿನಲ್ಲಿಟ್ಟುಕೊಂಡರು.

ಯಂತ್ರವು ಈಗ ಚೆನ್ನಾಗಿ ಅಳಿಸುತ್ತದೆ. ಆದುದರಿಂದಲೇ ಮೇಷ್ಟರು ಯಾವ ಟೇಪನ್ನೂ ಮೊದಲಿಂದ ಕೊನೆಯವರೆಗೆ ಕೇಳದೆ ಗುಂಡಿಯನ್ನು ಒತ್ತುವುದಿಲ್ಲ.